ಮೌನದೊಳಗೆ ಉಳಿದ ವಿಶ್ವಾಸ: ಎಂಡೊ ಮತ್ತು ಉನಾಮುನೊ ಅವರ ಎರಡು ಕೃತಿಗಳು

ಕಥೋಲಿಕ ವಿಶ್ವಾಸವನ್ನು ತೊರೆಯುವ ಅಂಚಿಗೆ ಬಂದು ನಿಂತ ಗುರುವಿನ ಚಿತ್ರ ಇಪ್ಪತ್ತನೆಯ ಶತಮಾನದ ಕಥನಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅವುಗಳಲ್ಲಿ ಎರಡು ಕೃತಿಗಳನ್ನು ಜೊತೆಗಿಟ್ಟು ಓದುವುದು ಉಪಯುಕ್ತ. ಒಂದು, ಸ್ಪೇನಿನ ಮಿಗೆಲ್ ದೆ ಉನಾಮುನೊ 1931ರಲ್ಲಿ ಪ್ರಕಟಿಸಿದ ‘ಸಾನ್ ಮಾನ್ವೆಲ್ ಬ್ವೆನೊ, ಮಾರ್ತಿರ್’ ಎಂಬ ಕಿರುಕಾದಂಬರಿ. ಇನ್ನೊಂದು, ಜಪಾನಿನ ಎಂಡೊ ಶುಸಾಕು ಅವರ 1966ರ ಕಾದಂಬರಿ ‘ಚಿನ್‌ಮೊಕು’, ಅಂದರೆ ‘ಮೌನ’. ಎರಡನ್ನೂ ವಿಶ್ವಾಸ ಕಳೆದುಕೊಂಡವರ ಕಥೆಗಳೆಂದು ಓದುವ ರೂಢಿ ಬಲವಾಗಿದೆ. ಮೊದಲನೆಯದರಲ್ಲಿ ಗುರು ಮರಣಾನಂತರದ ಬಾಳನ್ನು ನಂಬಲಾರದೆ ಹೋಗುತ್ತಾನೆ. ಎರಡನೆಯದರಲ್ಲಿ ಗುರು ಕ್ರಿಸ್ತನ ಬಿಂಬವನ್ನು ಕಾಲಿನಿಂದ ತುಳಿಯುತ್ತಾನೆ. ಘಟನೆಗಳನ್ನಷ್ಟೇ ಎಣಿಸಿದರೆ ಈ ಓದು ಸರಿಯೆನಿಸುತ್ತದೆ. ಕಥನದ ರಚನೆಯನ್ನು ಗಮನಿಸಿದರೆ ಎರಡೂ ಕೃತಿಗಳು ಬಿಟ್ಟುಹೋದವರಿಗಿಂತ ಬಿಡಲಾರದೆ ಉಳಿದವರ ಕಥೆಗಳಾಗಿ ತೋರುತ್ತವೆ.

ಇಲ್ಲಿ ಪದಗಳ ವಿಚಾರ ಮುಖ್ಯವಾಗುತ್ತದೆ. ಕನ್ನಡದ ಕಥೋಲಿಕ ಬಳಕೆಯಲ್ಲಿ ‘ವಿಶ್ವಾಸ’ವೆಂಬ ಒಂದೇ ಪದ ಮನಸ್ಸಿನ ಒಪ್ಪಿಗೆಯನ್ನೂ ಅಂತರಂಗದ ಅನುಭವವನ್ನೂ ನಡೆಯ ದೃಢತೆಯನ್ನೂ ಹೊರುತ್ತದೆ. ಷಟ್‌ಸ್ಥಲದ ಪರಿಭಾಷೆ ಇವುಗಳನ್ನು ಬಿಡಿಸಿ ನೋಡುತ್ತದೆ: ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ. ಎರಡು ಧರ್ಮಗಳ ತತ್ತ್ವವನ್ನು ಬೆರೆಸಬೇಕಾಗಿಲ್ಲ. ಶ್ರದ್ಧೆ ಕುಂದಿದ ಮೇಲೂ ನಿಷ್ಠೆ ನಿಲ್ಲಬಲ್ಲುದೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಲು ಈ ವಿಂಗಡಣೆ ನೆರವಾಗುತ್ತದೆ. ಕಥೋಲಿಕ ಬೋಧನೆಯಲ್ಲಿಯೂ ಇದಕ್ಕೆ ಹತ್ತಿರವಾದ ವಿವೇಚನೆ ಉಂಟು. ತಾನಾಗಿ ಎದ್ದುಬರುವ ಸಂಶಯ ಬೇರೆ, ಬೇಕೆಂದೇ ನಿರಾಕರಿಸುವುದು ಬೇರೆ. ಇದಲ್ಲದೆ 1547ರಲ್ಲಿ ತ್ರೆಂತ್ ಮಹಾಸಭೆ ಕಡೆಯತನಕ ಉಳಿಯುವ ಸ್ಥೈರ್ಯವನ್ನು ದೇವರ ವರವೆಂದು ವಿವರಿಸಿತು. ಅದು ವರವಾದಲ್ಲಿ, ತನ್ನಲ್ಲಿ ಅದಿದೆಯೆಂದು ಯಾರೂ ಪ್ರಮಾಣಪತ್ರ ಬರೆದುಕೊಳ್ಳುವಂತಿಲ್ಲ. ಇಲ್ಲವೆಂದು ಇನ್ನೊಬ್ಬನ ಮೇಲೆ ತೀರ್ಪು ಬರೆಯುವುದೂ ಕಷ್ಟ. ಎಂಡೊ ಮತ್ತು ಉನಾಮುನೊ ಕಥೆ ಕಟ್ಟಿರುವುದು ಈ ಅನಿಶ್ಚಿತತೆಯ ನೆಲದ ಮೇಲೆಯೇ.

‘ಮೌನ’ದ ನಾಯಕ ಸೆಬಾಸ್ಟಿಯನ್ ರೊಡ್ರಿಗಸ್ ಪೋರ್ಚುಗೀಸ್ ಜೆಸ್ವಿತ್. 1614ರಿಂದ ಕ್ರೈಸ್ತಧರ್ಮ ನಿಷಿದ್ಧವಾಗಿದ್ದ ಜಪಾನಿಗೆ ಅವನು ಗೋವೆಯ ಮೂಲಕ, ಅಲ್ಲಿಂದ ಮಕಾವಿನ ಮೂಲಕ ಗುಟ್ಟಾಗಿ ತಲುಪುತ್ತಾನೆ. ತನ್ನ ಗುರುವಾಗಿದ್ದ ಕ್ರಿಸ್ತೊವಾವ್ ಫೆರೇರಾ ಚಿತ್ರಹಿಂಸೆಗೆ ಸೋತು ಧರ್ಮ ತೊರೆದನೆಂಬ ಸುದ್ದಿಯನ್ನು ಪರೀಕ್ಷಿಸುವುದೂ ಅವನ ಉದ್ದೇಶಗಳಲ್ಲೊಂದು. ಫೆರೇರಾ ಚಾರಿತ್ರಿಕ ವ್ಯಕ್ತಿ. 1633ರಲ್ಲಿ, ಗುಂಡಿಯೊಳಗೆ ತಲೆಕೆಳಗಾಗಿ ತೂಗುಹಾಕುವ ಶಿಕ್ಷೆಗೆ ಗುರಿಯಾಗಿ, ಅವನು ಧರ್ಮವನ್ನು ನಿರಾಕರಿಸಿದನು. ರೊಡ್ರಿಗಸ್‌ನ ಪಾತ್ರಕ್ಕೆ ಜ್ಯುಸೆಪ್ಪೆ ಕಿಯಾರಾ ಎಂಬ ಇಟಲಿಯ ಜೆಸ್ವಿತ್ ಗುರುವಿನ ಬದುಕು ಆಧಾರ. ಕಾದಂಬರಿಯ ಕಥನವಿಧಾನ ಹಂತಹಂತವಾಗಿ ನಾಯಕನಿಂದ ದೂರ ಸರಿಯುತ್ತದೆ. ಮೊದಲ ಅಧ್ಯಾಯಗಳು ರೊಡ್ರಿಗಸ್ ಬರೆದ ಪತ್ರಗಳು; ಅಲ್ಲಿ ಅವನ ದನಿ ತುಂಬು ಆತ್ಮವಿಶ್ವಾಸದ್ದು. ಸೆರೆ ಸಿಕ್ಕುವ ಹೊತ್ತಿಗೆ ಕಥನ ಪ್ರಥಮ ಪುರುಷಕ್ಕೆ ತಿರುಗುತ್ತದೆ. ಬಿಂಬವನ್ನು ತುಳಿದ ನಂತರ ಡಚ್ ವ್ಯಾಪಾರಿ ಕೋಠಿಯ ಗುಮಾಸ್ತನೊಬ್ಬನ ದಿನಚರಿಯ ತುಣುಕುಗಳು ಬರುತ್ತವೆ. ಕಟ್ಟಕಡೆಗೆ ಉಳಿಯುವುದು ಎದೊ ನಗರದ ಕ್ರೈಸ್ತ ಸೆರೆಮನೆಯ ಅಧಿಕಾರಿ ಬರೆದಿಟ್ಟ ಒಣ ದಾಖಲೆ. ‘ನಾನು’ ಎಂದು ತೊಡಗಿದ ವ್ಯಕ್ತಿ ಸರ್ಕಾರಿ ಕಡತದ ಒಂದು ನಮೂದಾಗಿ ಮುಗಿಯುತ್ತಾನೆ.

ಈ ಇಳಿಜಾರಿನ ನಡುವೆ ತುಳಿತದ ಪ್ರಸಂಗವಿದೆ. ರಾತ್ರಿಯಿಡೀ ಕೇಳಿಬಂದ ಸದ್ದನ್ನು ಕಾವಲುಗಾರರ ಗೊರಕೆಯೆಂದು ರೊಡ್ರಿಗಸ್ ಬಗೆದಿರುತ್ತಾನೆ. ಅದು ಗುಂಡಿಯಲ್ಲಿ ತೂಗಾಡುತ್ತಿರುವ ರೈತರ ನರಳಾಟವೆಂದು ಫೆರೇರಾ ತಿಳಿಸುತ್ತಾನೆ. ಆ ರೈತರು ಆಗಲೇ ಧರ್ಮ ತೊರೆದವರು. ಗುರು ತುಳಿಯುವವರೆಗೆ ಅವರಿಗೆ ಬಿಡುಗಡೆಯಿಲ್ಲ. ಆಗ ‘ಫುಮಿಯೆ’ ಎಂಬ ಬಿಂಬಫಲಕದಿಂದ ಕ್ರಿಸ್ತನ ದನಿ ಕೇಳಿಸುತ್ತದೆ. 1969ರ ವಿಲಿಯಂ ಜಾನ್‌ಸ್ಟನ್ ಅವರ ಇಂಗ್ಲಿಷ್ ಅನುವಾದದಲ್ಲಿ ಆ ದನಿ ನೇರ ಆಜ್ಞೆಯಾಗಿ ಬರುತ್ತದೆ. ಜಪಾನೀ ಮೂಲದ ಕ್ರಿಯಾರೂಪದಲ್ಲಿರುವುದು ಅಪ್ಪಣೆಯ ಕಾಠಿಣ್ಯಕ್ಕಿಂತ ಅನುಮತಿಯ ಮಾರ್ದವ. ವ್ಯಾಕರಣದ ಈ ಸಣ್ಣ ಅಂತರ ವ್ಯಾಖ್ಯಾನವನ್ನೇ ಬದಲಿಸುತ್ತದೆ. ಆಜ್ಞೆಯಾದರೆ ತುಳಿತವೇ ಒಂದು ಕರ್ತವ್ಯವಾಗಿ, ಹೊಸ ಬಗೆಯ ವೀರತ್ವವಾಗಿಬಿಡುತ್ತದೆ. ಅನುಮತಿಯಾದರೆ ತಪ್ಪು ತಪ್ಪಾಗಿಯೇ ಉಳಿದು, ತಪ್ಪಿದವನ ಜೊತೆಗೆ ನಿಲ್ಲುವ ಕರುಣೆ ಮಾತಾಡುತ್ತದೆ. ಕಾದಂಬರಿಯನ್ನು ಧರ್ಮತ್ಯಾಗದ ಸಮರ್ಥನೆಯೆಂದು ಆಕ್ಷೇಪಿಸಿದ ಕಥೋಲಿಕ ಓದುಗರೂ ಅದೇ ಕಾರಣಕ್ಕೆ ಮೆಚ್ಚಿದ ಇತರರೂ ಈ ಎರಡನೆಯ ಸಾಧ್ಯತೆಯನ್ನು ಬದಿಗಿಟ್ಟಂತೆ ತೋರುತ್ತದೆ.

ಬಿಡದೆ ಉಳಿಯುವುದರ ಅರ್ಥವನ್ನು ಕಾದಂಬರಿ ಹುಡುಕುವುದು ರೊಡ್ರಿಗಸ್‌ನಲ್ಲಿ ಮಾತ್ರವಲ್ಲ, ಕಿಚಿಜಿರೊನಲ್ಲಿಯೂ. ಇವನು ಕುಡುಕ, ಅಂಜುಬುರುಕ, ಗುರುವನ್ನು ಹಿಡಿದುಕೊಟ್ಟವನು. ಪ್ರತಿ ಸಲವೂ ಬಿಂಬವನ್ನು ತುಳಿಯುತ್ತಾನೆ. ಪ್ರತಿ ಸಲವೂ ಪಾಪನಿವೇದನೆಗಾಗಿ ಬೆನ್ನು ಹತ್ತಿ ಬರುತ್ತಾನೆ. ಅವನನ್ನು ಯೂದನ ಪ್ರತಿರೂಪವೆಂದು ಮಾತ್ರ ಓದಿದರೆ ಅವನ ಮರಳಿ ಬರುವ ಚಟಕ್ಕೆ ಅರ್ಥ ಸಿಗುವುದಿಲ್ಲ. ಆದಿಸಭೆಯಲ್ಲಿ ಘೋರಪಾಪಗಳ ಪ್ರಾಯಶ್ಚಿತ್ತಕ್ಕೆ ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಅವಕಾಶವಿತ್ತು. ಐರ್ಲೆಂಡಿನ ಸಂನ್ಯಾಸಿಗಳಿಂದ ಹಬ್ಬಿದ ಖಾಸಗಿ ಪಾಪನಿವೇದನೆಯ ಪದ್ಧತಿ ಅದನ್ನು ಎಷ್ಟು ಸಲವಾದರೂ ಪಡೆಯಬಹುದಾದ ಸಂಸ್ಕಾರವನ್ನಾಗಿಸಿತು. ಕಿಚಿಜಿರೊ ಈ ಸಂಸ್ಕಾರದ ಚರಿತ್ರೆಯೊಳಗೆ ಮಾತ್ರ ಹುಟ್ಟಬಹುದಾದ ಪಾತ್ರ. ಅವನಲ್ಲಿ ಬೀಳದಿರುವ ಶಕ್ತಿ ಇಲ್ಲ. ಬಿದ್ದಲ್ಲೇ ಇರಲಾರದ ಸ್ವಭಾವವಿದೆ.

ಹೀಗಿದ್ದರೂ ಎಂಡೊ ಅವರ ಕಥನಕ್ಕೆ ಒಂದು ಮಿತಿಯಿದೆ. ಕಾದಂಬರಿಯ ಶಿಖರವಾಗಿರುವುದು ಗುರುವಿನ ಒಂದೇ ಒಂದು ತುಳಿತ. ನಾಗಸಾಕಿಯ ಸುತ್ತಿನ ಹಳ್ಳಿಗರಿಗಾದರೋ ಫುಮಿಯೆ ವರ್ಷಾರಂಭದಲ್ಲಿ ಪ್ರತಿವರ್ಷವೂ ಬರುತ್ತಿದ್ದ ವಿಧಿ. ಗುಪ್ತಕ್ರೈಸ್ತರು ತುಳಿದು ಮನೆಗೆ ಬಂದು ‘ಕೊಂಚಿರಿಸಾನ್’ ಎಂಬ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ಗುರುಗಳಿಲ್ಲದೆಡೆ ಪರಿಪೂರ್ಣ ಪಶ್ಚಾತ್ತಾಪವೊಂದೇ ಕ್ಷಮೆಗೆ ಸಾಲುವುದೆಂದು ಕಲಿಸುವ ಕೈಪಿಡಿಯೊಂದು 1603ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಅದು ನಕಲಾಗುತ್ತ ತಲೆಮಾರುಗಳನ್ನು ದಾಟಿತು. ಅಲ್ಲಿ ವಿಶ್ವಾಸದ ಪರೀಕ್ಷೆ ಒಂದು ಮಹಾರಾತ್ರಿಯ ದುರಂತವಾಗಿರಲಿಲ್ಲ, ಪಂಚಾಂಗದ ಒಂದು ದಿನವಾಗಿತ್ತು. ದುರಂತಕ್ಕೆ ನಾಯಕ ಬೇಕು. ಪಂಚಾಂಗಕ್ಕೆ ಸಮುದಾಯ ಸಾಕು. ಶಿಖರದತ್ತ ಏರುವ ಕಾದಂಬರಿಯ ರೂಪ ಈ ಎರಡನೆಯದನ್ನು ಹಿಡಿಯಲಾರದೆ ಕಿಚಿಜಿರೊ ಎಂಬ ಒಬ್ಬನ ಹೆಗಲಿಗೆ ಹೊರಿಸಿದೆ.

ಕಾದಂಬರಿಯ ವಾದವೊಂದನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸಲು ಈ ಅಂಶ ನೆರವಾಗುತ್ತದೆ. 1549ರಲ್ಲಿ ಜಪಾನಿಗೆ ಬಂದ ಫ್ರಾನ್ಸಿಸ್ ಜೇವಿಯರ್, ದೇವರಿಗೆ ಮೊದಲು ‘ದೈನಿಚಿ’ ಎಂಬ ಬೌದ್ಧ ಹೆಸರನ್ನು ಬಳಸಿ, ತೊಡಕು ತಿಳಿದ ಮೇಲೆ ಲ್ಯಾಟಿನ್ನಿನ ‘ದೇವುಸ್’ ಪದಕ್ಕೆ ಮರಳಿದನು. ಈತನ ದೇಹಾವಶೇಷ ಇಂದಿಗೂ ಹಳೆಯ ಗೋವೆಯಲ್ಲಿದೆ. ಜಪಾನೀಯರು ನಂಬಿದ್ದು ಕ್ರೈಸ್ತರ ದೇವರನ್ನಲ್ಲ, ತಾವೇ ತಿರುಚಿಕೊಂಡ ಬೇರೊಂದನ್ನು ಎಂದು ಕಾದಂಬರಿಯ ಫೆರೇರಾ ವಾದಿಸುವುದು ಈ ಅನುವಾದದ ಎಡವಟ್ಟನ್ನು ಹಿಡಿದುಕೊಂಡೇ. ಗೊತೊ, ಇಕಿತ್ಸುಕಿ ದ್ವೀಪಗಳಲ್ಲಿ ಕ್ರೈಸ್ತರು ಉಳಿದಿದ್ದರೂ ಬೇರು ಕಡಿದಿರುವುದರಿಂದ ಚಿಂತೆಯಿಲ್ಲವೆಂದು ಅಧಿಕಾರಿ ಇನೊವೆ ಹೇಳುತ್ತಾನೆ. ಆದರೆ 1865ರ ಮಾರ್ಚ್ 17ರಂದು ಉರಕಾಮಿಯ ಹಳ್ಳಿಗರ ಒಂದು ಸಣ್ಣ ಗುಂಪು ನಾಗಸಾಕಿಯ ಓಉರಾ ಇಗರ್ಜಿಗೆ ಬಂದು, ಫ್ರೆಂಚ್ ಗುರು ಬರ್ನಾರ್ ಪೆತಿಜಾನ್ ಎದುರು ತಮ್ಮ ಗುರುತನ್ನು ಬಿಚ್ಚಿಟ್ಟಿತು. ಮರಿಯಮ್ಮನ ಪ್ರತಿಮೆ ಎಲ್ಲಿದೆಯೆಂಬುದು ಅವರ ವಿಚಾರಣೆ. ಎರಡು ಶತಮಾನಗಳಿಗೂ ಮೀರಿ ಗುರುವಿಲ್ಲದೆ ಉಳಿದ ಸಮುದಾಯವದು. ಇದರಿಂದ ಇನೊವೆಯ ಮಾತು ಪೂರ್ತಿ ಸುಳ್ಳಾಯಿತೆನ್ನುವಂತೆಯೂ ಇಲ್ಲ. 1873ರಲ್ಲಿ ನಿಷೇಧದ ಫಲಕಗಳು ಇಳಿದ ಮೇಲೂ ಗುಪ್ತಕ್ರೈಸ್ತರಲ್ಲಿ ಒಂದು ಭಾಗ ರೋಮಿನ ಸಭೆಗೆ ಮರಳದೆ ತಮ್ಮದೇ ಆಚರಣೆಯಲ್ಲಿ ಮುಂದುವರಿಯಿತು. ಅವರ ‘ಒರಾಶೊ’ಗಳಲ್ಲಿ ಲ್ಯಾಟಿನ್ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಸಾಗಿ ರೂಪಗೆಟ್ಟಿದ್ದವು, ಹಾಡುವವರಿಗೇ ಅರ್ಥ ತಿಳಿಯದು, ಬಿಡಲೂ ಮನಸ್ಸಿಲ್ಲ. ಅರ್ಥ ಮಸುಳಿದ ಮೇಲೂ ಉಚ್ಚಾರ ಉಳಿಯುವ ಈ ಸ್ಥಿತಿಯನ್ನು ‘ಅವನತಿ’ ಎಂಬ ಒಂದೇ ಪದದಿಂದ ತಳ್ಳಿಹಾಕಲಾಗದೆಂಬುದನ್ನು ಗಡಿಯಾಚೆಯ ಭಾಷಾಸಮುದಾಯಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಉನಾಮುನೊ ಅವರ ಕೃತಿಯಲ್ಲಿ ಇದೇ ಸಮಸ್ಯೆ ತಿರುಗುಮುರುಗಾಗಿದೆ. ರೊಡ್ರಿಗಸ್‌ಗೆ ಹೊರಗಿನ ಆಚರಣೆಯೆಲ್ಲ ಕಳಚಿಹೋಗಿ ಒಳಗಿನದೊಂದು ಉಳಿಯುತ್ತದೆ. ದೊನ್ ಮಾನ್ವೆಲ್‌ಗೆ ಒಳಗಿನದು ಬರಿದಾಗಿ ಹೊರಗಿನದೆಲ್ಲ ನಿಷ್ಠೆಯಿಂದ ನಡೆಯುತ್ತದೆ. ಬೆಟ್ಟ ಮತ್ತು ಸರೋವರಗಳ ನಡುವಣ ವಾಲ್ವೆರ್ದೆ ದೆ ಲುಸೆರ್ನಾ ಎಂಬ ಕಲ್ಪಿತ ಹಳ್ಳಿಯಲ್ಲಿ ಅವನು ರೋಗಿಗಳ ಮಗ್ಗುಲಲ್ಲಿ ಕೂರುತ್ತಾನೆ, ಬಡವರಿಗೆ ಸೌದೆ ಒಡೆಯುತ್ತಾನೆ, ಜಗಳ ಬಿಡಿಸುತ್ತಾನೆ. ಇಗರ್ಜಿಯಲ್ಲಿ ಜನ ಒಂದೇ ಕೊರಳಾಗಿ ವಿಶ್ವಾಸಪ್ರಮಾಣವನ್ನು ಹೇಳುವಾಗ, ದೇಹದ ಪುನರುತ್ಥಾನ ಮತ್ತು ನಿತ್ಯಜೀವದ ಮಾತು ಬಂದೆಡೆ ಗುರುವಿನ ದನಿ ನಿಂತುಬಿಡುತ್ತದೆ. ಜನರ ಕಂಠಘೋಷದಲ್ಲಿ ಆ ನಿಲುಗಡೆ ಮುಳುಗಿಹೋಗುತ್ತದೆ. ಕೃತಿಯ ಇಡೀ ಸಮಸ್ಯೆ ಈ ಒಂದು ಶ್ರವಣಚಿತ್ರದಲ್ಲಿದೆ: ಒಬ್ಬನು ಹೇಳಲಾರದ ಮಾತನ್ನು ಊರು ಅವನ ಪರವಾಗಿ ಹೇಳುತ್ತದೆ.

ಇಲ್ಲಿಯೂ ಆಕ್ಷೇಪಕ್ಕೆ ಎಡೆಯುಂಟು. ಸತ್ಯ ತಿಳಿದರೆ ಜನ ಬದುಕಲಾರರೆಂದು ಮಾನ್ವೆಲ್ ತಾನೇ ನಿರ್ಧರಿಸುತ್ತಾನೆ. ಹಳ್ಳಿಗರ ಪರವಾಗಿ ತೀರ್ಮಾನ ಕೈಗೊಳ್ಳುವ ಈ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಅಮೆರಿಕದಿಂದ ಮರಳಿದ ನಾಸ್ತಿಕ ಲಾಸರೊ ಗುರುವಿನ ಗುಟ್ಟನ್ನು ಬಲ್ಲವನಾಗಿ, ಊರಿನ ನೆಮ್ಮದಿಗಾಗಿ ಪರಮಪ್ರಸಾದ ಸ್ವೀಕರಿಸುವ ಪ್ರಸಂಗದಲ್ಲಿ ಪ್ರಾಮಾಣಿಕತೆಯ ಪ್ರಶ್ನೆ ತೀವ್ರವಾಗುತ್ತದೆ. ಕೃತಿ ಇದಕ್ಕೆ ಉತ್ತರ ಕೊಡುವುದು ನಿರೂಪಕಿಯ ಮೂಲಕ. ಲಾಸರೊನ ತಂಗಿ ಆಂಖೆಲಾ ಮುಪ್ಪಿನ ಹೊಸ್ತಿಲಲ್ಲಿ ಕುಳಿತು ಇದೆಲ್ಲವನ್ನು ಬರೆಯುತ್ತಿದ್ದಾಳೆ. ಅತ್ತ ಬಿಷಪ್ಪರು ಮಾನ್ವೆಲ್‌ನನ್ನು ಧನ್ಯನೆಂದು ಸಾರುವ ಪ್ರಕ್ರಿಯೆ ತೊಡಗಿದ್ದಾರೆ. ಇತ್ತ ಅವಳು ತನಗೆ ತಿಳಿದುದನ್ನು ಅವರಿಗೆ ತಿಳಿಸುವುದಿಲ್ಲ. ಆ ಇಬ್ಬರೂ ತಮಗೆ ನಂಬಿಕೆಯಿಲ್ಲವೆಂದು ನಂಬಿಯೇ ಸತ್ತರು, ಆದರೂ ತಮಗರಿವಿಲ್ಲದೆ ನಂಬಿದ್ದರೆಂಬ ಊಹೆಯತ್ತ ಅವಳ ಮನಸ್ಸು ವಾಲುತ್ತದೆ. ಅದು ತೀರ್ಪಲ್ಲ, ಪ್ರೀತಿಯ ಊಹೆ. ಒಬ್ಬನ ವಿಶ್ವಾಸಕ್ಕೆ ಅವನೇ ಅಂತಿಮ ಸಾಕ್ಷಿಯಲ್ಲವೆಂಬ ನಿಲುವಿಗೆ ಉನಾಮುನೊ ಹೀಗೆ ಬಂದು ನಿಲ್ಲುತ್ತಾರೆ.

ಇವು ಕಾದಂಬರಿಕಾರರ ಕಲ್ಪನೆಗಳಷ್ಟೇ ಎನ್ನುವವರು ಲಿಸಿಯೆಯ ತೆರೇಸಾಳ ಬರಹವನ್ನು ಗಮನಿಸಬೇಕು. ಕಾರ್ಮೆಲ್ ಮಠದ ಈ ಯುವತಿ 1896ರ ಈಸ್ಟರ್ ಕಾಲದಿಂದ 1897ರ ಸೆಪ್ಟೆಂಬರ್ 30ರಂದು ಕ್ಷಯದಿಂದ ಸಾಯುವವರೆಗೆ, ಸ್ವರ್ಗವೆಂಬುದೇ ಇಲ್ಲವೆಂಬ ಕತ್ತಲಿನೊಡನೆ ಹೆಣಗಿದಳು. ತಾನು ಅವಿಶ್ವಾಸಿಗಳ ಪಂಕ್ತಿಯಲ್ಲೇ ಕುಳಿತು ಉಣ್ಣುತ್ತಿರುವುದಾಗಿ ಭಾವಿಸಿದಳು; ವಿಶ್ವಾಸಪ್ರಮಾಣವನ್ನು ತನ್ನ ರಕ್ತದಲ್ಲಿ ಬರೆದು ಎದೆಯ ಬಳಿ ಇಟ್ಟುಕೊಂಡಳು. ಮಾನ್ವೆಲ್‌ಗೆ ಹೇಳಲಾಗದ ಮಾತನ್ನು ಅವಳು ಹೇಳಲಿಲ್ಲ, ಬರೆದು ಹೊತ್ತಳು. 1898ರಲ್ಲಿ ಅವಳ ಆತ್ಮಕಥೆ ಸೋದರಿಯ ಕೈಯಲ್ಲಿ ವಿಪುಲವಾಗಿ ತಿದ್ದಲ್ಪಟ್ಟು ಪ್ರಕಟವಾಯಿತು. ಮೂಲ ಹಸ್ತಪ್ರತಿಗಳ ಯಥಾಪ್ರತಿ ಹೊರಬಂದದ್ದು 1956ರಲ್ಲಿ. ಬಿಡದೆ ಉಳಿದವರ ಕಥೆಯನ್ನು ಭಕ್ತರ ಕೈಯೂ ಬದಲಿಸುತ್ತದೆ, ಶತ್ರುಗಳ ಕೈಯೂ ಬದಲಿಸುತ್ತದೆ. ಆದ್ದರಿಂದ ಇಂಥ ಪಠ್ಯಗಳ ಓದಿನಲ್ಲಿ ಯಾರು ಬರೆದರು, ಯಾರಿಗಾಗಿ ಬರೆದರು ಎಂಬುದು ಪೀಠಿಕೆಯ ವಿಷಯವಾಗದೆ ವಿಮರ್ಶೆಯ ತಿರುಳಾಗುತ್ತದೆ.

‘ಮೌನ’ದ ಕೊನೆಯ ಪುಟಗಳಿಗೆ ಈ ಎಚ್ಚರದಿಂದ ಮರಳಬೇಕು. ಅನೇಕ ಓದುಗರು ಅನುಬಂಧವೆಂದು ದಾಟಿಹೋಗುವ ಸೆರೆಮನೆಯ ದಾಖಲೆಯಲ್ಲಿ ರೊಡ್ರಿಗಸ್‌ಗೆ ತನ್ನ ಹೆಸರೂ ಉಳಿದಿಲ್ಲ. ಅವನೀಗ ಸತ್ತ ಜಪಾನೀಯನೊಬ್ಬನ ಹೆಸರು ಹೊತ್ತ ಒಕಾದಾ ಸಾನ್‌ಎಮೊನ್. ಅಲ್ಲಿ ಕಾವಲಿನ ವಿವರ, ಖರ್ಚಿನ ವಿವರ, ಸೇವಕ ಕಿಚಿಜಿರೊನ ಕೊರಳಲ್ಲಿ ಸಿಕ್ಕ ಪವಿತ್ರಚಿತ್ರದ ತನಿಖೆ ಇವೆ. ಇವುಗಳ ನಡುವೆ, ಸಾನ್‌ಎಮೊನ್‌ನಿಂದ ಧರ್ಮನಿರಾಕರಣೆಯ ಬರಹವನ್ನು ಮತ್ತೆ ಬರೆಸಲಾಯಿತೆಂಬ ನಮೂದೂ ಇದೆ. ಅಧಿಕಾರಿ ಅದಕ್ಕೆ ಕಾರಣ ಕೊಡುವುದಿಲ್ಲ. ಲೇಖಕರೂ ಅದನ್ನು ವಿವರಿಸುವುದಿಲ್ಲ. ನಿಜವಾಗಿ ಬಿಟ್ಟುಬಿಟ್ಟವನಿಂದ ಅಂಥ ಬರಹವನ್ನು ಒಂದೇ ಸಲ ಬರೆಸಿಕೊಂಡರೆ ಸಾಕಾಗುತ್ತಿತ್ತು.