ಸಂವಾಹಕನ ಹತ್ತು ಸುವರ್ಣ

ಮೃಚ್ಛಕಟಿಕದ ಎರಡನೆಯ ಅಂಕವನ್ನು ವಿಮರ್ಶಕರು ಸಾಮಾನ್ಯವಾಗಿ ಹಾಸ್ಯದ ಲೆಕ್ಕಕ್ಕೆ ಬರೆದು ಮುಂದೆ ಸಾಗುವುದುಂಟು. ಜೂಜಿನಲ್ಲಿ ಹತ್ತು ಸುವರ್ಣಗಳನ್ನು ಸೋತ ಸಂವಾಹಕನು ಓಡುವುದು, ಮೂರ್ತಿಯಿಲ್ಲದ ಗುಡಿಯೊಳಕ್ಕೆ ಹಿಮ್ಮುಖವಾಗಿ ಹೆಜ್ಜೆಯಿಟ್ಟು ತಾನೇ ದೇವರಂತೆ ನಿಲ್ಲುವುದು, ಬೆನ್ನಟ್ಟಿದವರು ಅಲ್ಲಿಯೇ ಕುಳಿತು ದಾಳ ಹಾಕಲಾಗಿ ಆ ಸದ್ದನ್ನು ಕೇಳಿ ತಡೆಯಲಾರದೆ ಹೊರಬಂದು ಸಿಕ್ಕಿಬೀಳುವುದು, ಇವೆಲ್ಲವೂ ನಗಿಸುವ ಸಂಗತಿಗಳೇ ಸರಿ. ನಾನೂ ಪಾಠಶಾಲೆಯಲ್ಲಿ ಹಾಗೆಯೇ ಓದಿದೆನು. ಅಧ್ಯಾಪಕನಾದ ಮೇಲೆ ಹಾಗೆಯೇ ಹೇಳಿಕೊಟ್ಟೆನು. ತೀರಿಸಲಾರದ ಸಾಲದಿಂದ ಮನುಷ್ಯನು ಹೊರಬರುವ ಬಗೆಯನ್ನು ಆ ಅಂಕವು ವಿಚಾರಿಸುತ್ತದೆಯೆಂದೂ ಇಡೀ ನಾಟಕದ ಕೀಲು ಅಲ್ಲಿಯೇ ಇರುವುದೆಂದೂ ನನಗೆ ಹೊಳೆದದ್ದು ತಡವಾಗಿ, ಅದೂ ಪುಸ್ತಕದಿಂದಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಜವಳಿ ಅಂಗಡಿಯನ್ನಿಟ್ಟು ಕೈಸುಟ್ಟುಕೊಂಡನು. ಬಡ್ಡಿಯ ಮೇಲೆ ಬಡ್ಡಿ ಬೆಳೆದು, ಕೊನೆಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆಯ ಮೇರೆಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಿದನು. 'ಪಾಪರ್ ಆದ' ಎಂದಿತು ಊರು. ನಾನು ಅವನನ್ನು ಕರೆಯಿಸಿ, ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ನನ್ನ ಬಾಯಿಂದಲೇ ಕೇಳಿದವನು ಹೀಗೆ ಮಾಡಬಹುದೇ, ಸತಿಸುತರನ್ನು ಮಾರಿ ತನ್ನನ್ನೂ ಮಾರಿಕೊಂಡು ಋಣ ತೀರಿಸಿದವನ ಕಥೆ ಮರೆತುಹೋಯಿತೇ ಎಂದು ಗದರಿದೆನು. "ಹರಿಶ್ಚಂದ್ರನನ್ನು ಕೊಳ್ಳುವವರು ಕಾಶಿಯಲ್ಲಿದ್ದರು ಮೇಷ್ಟ್ರೇ. ನನ್ನನ್ನು ಯಾರು ಕೊಳ್ಳುತ್ತಾರೆ?" ಎಂದು ಅವನು ಎದ್ದುಹೋದನು.

ಈ ಮಾತನ್ನು ಎಲ್ಲಿಯೋ ಕೇಳಿದ್ದೆನೆನಿಸಿ ಶೂದ್ರಕನ ನಾಟಕವನ್ನು ತೆರೆದೆನು. ಜೂಜುಕಟ್ಟೆಯ ಯಜಮಾನನಾದ ಮಾಥುರನು ಸಂವಾಹಕನನ್ನು ಹಿಡಿದು, ತಂದೆಯನ್ನು ಮಾರಿ ಕೊಡು, ತಾಯಿಯನ್ನು ಮಾರಿ ಕೊಡು ಎನ್ನುತ್ತಾನೆ. ಅವರೆಲ್ಲಿಂದ ಬರಬೇಕು? ಹಾಗಾದರೆ ನಿನ್ನನ್ನೇ ಮಾರಿಕೊ ಎಂದಾಗ ಅವನು ರಾಜಬೀದಿಯಲ್ಲಿ ನಿಂತು, ಹತ್ತು ಸುವರ್ಣಕ್ಕೆ ನನ್ನನ್ನು ಕೊಳ್ಳಿರಿ, ಮನೆಯ ಚಾಕರಿ ಮಾಡುವೆನು ಎಂದು ಕೂಗುತ್ತಾನೆ. ದಾರಿಹೋಕರು ಉತ್ತರವನ್ನೂ ಕೊಡದೆ ನಡೆಯುತ್ತಾರೆ. ಹರಿಶ್ಚಂದ್ರನಿಗೆ ಪೇಟೆಯಲ್ಲಿ ಬೆಲೆಯುಂಟು, ಇವನಿಗಿಲ್ಲ. ಸತ್ಯವಂತನ ಸತ್ಯವು ನಿಲ್ಲುವುದಕ್ಕೂ ಒಬ್ಬ ಗಿರಾಕಿ ಬೇಕೆಂಬುದನ್ನು ನಾನು ಇಪ್ಪತ್ತು ವರ್ಷ ಪಾಠ ಹೇಳಿಯೂ ಯೋಚಿಸಿರಲಿಲ್ಲ. ಸಾಲ ಕೇಳಿ ಕಾಡುವವನಿಗೆ ನಕ್ಷತ್ರಿಕನೆಂಬ ಹೆಸರನ್ನು ನಮ್ಮ ಜನರು ಆ ಕಥೆಯಿಂದಲೇ ಪಡೆದರು. ಕೊಳ್ಳುವವರಿಲ್ಲದ ಸಾಲಗಾರನಿಗೆ ಹೆಸರಿಡಲಿಲ್ಲ.

ಸಂವಾಹಕನು ನಿರಪರಾಧಿಯೆಂದು ಶೂದ್ರಕನು ಹೇಳುವುದಿಲ್ಲ. ಒಬ್ಬನಿಂದ ಅರ್ಧ ಸಾಲವನ್ನು ಬಿಡಿಸಿಕೊಂಡು, ಇನ್ನೊಬ್ಬನಿಂದಲೂ ಅರ್ಧವನ್ನು ಬಿಡಿಸಿಕೊಂಡು, ಎರಡರ್ಧವೂ ಹೋಯಿತು, ನಾನಿನ್ನು ಹೊರಟೆನು ಎನ್ನುವ ಚತುರನವನು. ಆದರೆ ಅವನು ಈ ಸ್ಥಿತಿಗೆ ಬಂದುದು ಹೇಗೆಂಬುದನ್ನೂ ಕವಿಯು ಮರೆಮಾಚಿಲ್ಲ. ಪಾಟಲಿಪುತ್ರದ ಗೃಹಸ್ಥನ ಮಗನು, ಕಲೆಯೆಂದು ಕಲಿತ ಅಂಗಮರ್ದನವೇ ಉಜ್ಜಯಿನಿಯಲ್ಲಿ ಜೀವನೋಪಾಯವಾಯಿತು. ಧಣಿಯಾದ ಚಾರುದತ್ತನು ಬಡವನಾದೊಡನೆ ಜೂಜಿಗಿಳಿದನು. ದಾನಮಾಡಿ ಬರಿದಾದ ಸಜ್ಜನನ ದಾರಿದ್ರ್ಯವನ್ನು ಕೊಂಡಾಡುವ ನಾವು, ಅದರ ಹಿಂದೆಯೇ ಉರುಳಿದ ಚಾಕರನನ್ನು ನೋಡಿ ನಗುತ್ತೇವೆ.

ಸ್ಮೃತಿಗಳಲ್ಲಿ ಈ ವಿಷಯವು ವಿಸ್ತಾರವಾಗಿದೆ. ಮನುವಿನ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದೇ ಋಣಾದಾನ. ಒಮ್ಮೆಗೆ ತೆಗೆದುಕೊಳ್ಳುವ ಬಡ್ಡಿಯು ಅಸಲನ್ನು ಮೀರಕೂಡದು. ಜೂಜಿನ ಸಾಲವು ಮಗನಿಗೆ ತಗಲದೆಂದು ಯಾಜ್ಞವಲ್ಕ್ಯನ ಮತ. ಆದರೆ ಕೊಡಲಾರದ ಸಾಲಗಾರನು ಸಮಾನನೋ ಕೆಳಜಾತಿಯವನೋ ಆದರೆ ದುಡಿದು ತೀರಿಸಬೇಕು, ಮೇಲಿನವನಾದರೆ ಮೆಲ್ಲಮೆಲ್ಲಗೆ ಕೊಡಬಹುದು ಎಂಬ ಮನುವಿನ ಭೇದವನ್ನು ಮುಚ್ಚಿಟ್ಟು ನಮ್ಮ ಪೂರ್ವಿಕರನ್ನು ಹೊಗಳುವುದು ಪ್ರಾಮಾಣಿಕವಲ್ಲ. 1920ರ ಕಾಯಿದೆಯು ಆಸ್ತಿಯನ್ನೆಲ್ಲ ವಶಪಡಿಸಿಕೊಂಡು, ಕಸುಬಿನ ಉಪಕರಣಗಳನ್ನು ಬಿಟ್ಟು, ವಿಚಾರಣೆಯ ತರುವಾಯ ಬಿಡುಗಡೆಯನ್ನು ಕೊಡತಕ್ಕದ್ದು. ಜೂಜಿನಿಂದ ಕೆಟ್ಟವನಿಗೆ ಮಾತ್ರ ಷರತ್ತಿಲ್ಲದ ಬಿಡುಗಡೆಯಿಲ್ಲ. ಅಂದರೆ ಸಂವಾಹಕನು ಅಲ್ಲಿಯೂ ಪೂರ್ತಿ ಪಾರಾಗುತ್ತಿರಲಿಲ್ಲ! ಶಕ್ತಿಯಿಲ್ಲದೆ ಕೊಡದವನನ್ನು ಆ ಒಂದೇ ಕಾರಣಕ್ಕೆ ಸೆರೆಗೆ ಕಳುಹಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ತೀರ್ಪಿತ್ತಿತು.

ನಾಟಕದಲ್ಲಿ ಬಿಡುಗಡೆ ಕೊಡುವವಳು ವಸಂತಸೇನೆ. ತನ್ನ ಕೈಬಳೆಯನ್ನು ಮಾಥುರನಿಗೆ ಕಳುಹಿಸುತ್ತಾಳೆ, ಅದನ್ನು ಸಂವಾಹಕನೇ ಕಳುಹಿಸಿದನೆಂದು ಹೇಳಿಸುತ್ತಾಳೆ. ಕೊಟ್ಟವಳ ಹೆಸರು ಮರೆಯಾಗಿ ಕೊಟ್ಟವನ ಮಾನ ಉಳಿಯಿತು. ಮಾಥುರನಾದರೋ ಬಳೆಯು ಕೈಗೆ ಬಂದೊಡನೆ, ಆ ಕುಲಪುತ್ರನು ಮತ್ತೆ ಆಡಲು ಬರಲಿ ಎನ್ನುತ್ತಾನೆ. ಸಾಲ ಕೊಡುವವರ ಸ್ವಭಾವವನ್ನು ಇಷ್ಟು ಚುಟುಕಾಗಿ ಹೇಳಿದ ಕವಿಯನ್ನು ನಾನು ಇನ್ನೊಬ್ಬನನ್ನು ಕಾಣೆನು.

ಸಂವಾಹಕನು ಹೋಗುವುದಿಲ್ಲ, ಬೌದ್ಧಭಿಕ್ಷುವಾಗುತ್ತಾನೆ. ಎಂಟನೆಯ ಅಂಕದಲ್ಲಿ ಶಕಾರನು ಕೊರಳು ಹಿಸುಕಿ, ಸತ್ತಳೆಂದು ಎಲೆಗಳಿಂದ ಮುಚ್ಚಿ ಹೋದ ವಸಂತಸೇನೆಯನ್ನು, ಒಗೆದ ಚೀವರವನ್ನು ಒಣಗಿಸಲು ಬಂದ ಇದೇ ಭಿಕ್ಷುವು ಕಂಡು, ಆ ಒದ್ದೆ ಬಟ್ಟೆಯನ್ನು ಹಿಂಡಿ ನೀರು ಕೊಟ್ಟು ಬದುಕಿಸುತ್ತಾನೆ. ಅವಳು ಬದುಕಿದುದರಿಂದ ಶೂಲದ ಬಾಯಿಂದ ಚಾರುದತ್ತನು ಬದುಕಿದನು. ಇಲ್ಲಿ ಗಮನಿಸತಕ್ಕದ್ದು, ಅಂದಿನಿಂದ ಅವಳು ತನ್ನನ್ನು ಕೊಂಡುಕೊಂಡಳೆಂದೇ ಭಿಕ್ಷುವು ಭಾವಿಸಿದ್ದನು. ಬೀದಿಯಲ್ಲಿ ಯಾರೂ ಕೊಳ್ಳದವನು ಬಿಡುಗಡೆಯಾದ ಮೇಲೆ ತಾನಾಗಿ ಮಾರಾಟವಾದನು. ಸಾಲ ಬಿಟ್ಟರೆ ಮನುಷ್ಯನು ಕೃತಘ್ನನಾಗುವನೆಂದು ಹೆದರುವವರು ಈ ಎರಡು ಅಂಕಗಳನ್ನು ಒಟ್ಟಿಗೆ ಓದಬೇಕು.

ಒಂದು ಆಕ್ಷೇಪವನ್ನು ಮಾತ್ರ ಹೇಳದಿರಲಾರೆ. ಶೂದ್ರಕನಲ್ಲಿ ಮಾಥುರನಿಗೆ ಬಿಡಿಕಾಸಿನ ನಷ್ಟವೂ ಆಗಲಿಲ್ಲ, ಸಿರಿವಂತಳೊಬ್ಬಳು ಕೊಟ್ಟಳು. ಸಾಲ ಬಿಟ್ಟಾಗ ನಷ್ಟವನ್ನು ಹೊರುವವರಾರೆಂಬ ಕಠಿನ ಪ್ರಶ್ನೆಯನ್ನು ಕವಿಯು ಹೀಗೆ ಬಳಸಿ ನಡೆದನು. ನನ್ನ ವಿದ್ಯಾರ್ಥಿಗೆ ಕೊಡಬೇಕಾಗಿದ್ದವರಲ್ಲಿ ಬಡ್ಡಿಯ ಧಣಿಗಳಿದ್ದಂತೆ ಸೀರೆಗಳನ್ನು ಕಡವಾಗಿ ಕೊಟ್ಟಿದ್ದ ಒಬ್ಬ ನೇಕಾರನೂ ಇದ್ದನು. ನ್ಯಾಯಾಲಯದ ಹಂಚಿಕೆಯಲ್ಲಿ ಅವನಿಗೆ ದೊರೆತದ್ದು ಅತ್ಯಲ್ಪ. ವಿದ್ಯಾರ್ಥಿಯು ಈಗ ಬೇರೆ ಊರಿನಲ್ಲಿ ಗುಮಾಸ್ತನಾಗಿದ್ದಾನೆ. ಕಾನೂನು ಕೇಳದಿದ್ದರೂ ಪ್ರತಿ ಯುಗಾದಿಗೆ ನೇಕಾರನ ಮನೆಗೆ ಏನನ್ನೋ ಕಳುಹಿಸುತ್ತಾನೆಂದು ನೇಕಾರನೇ ನನಗೆ ಹೇಳಿದನು. ಎಷ್ಟೆಂದು ನಾನು ಕೇಳಲಿಲ್ಲ.