ಫ್ಯಾನ್ ಹಾಕಿ ಕಳಿಸುವ ರಿಪೇರಿ

‘ಆಂಪ್ಲಿಫೈಯರ್ ಕೈ ಇಡಲಾಗದಷ್ಟು ಕಾಯುತ್ತೆ, ಸ್ವಲ್ಪ ಹೊತ್ತು ಹಾಡು ಹಾಕಿದರೆ ಕೆಂಪು ದೀಪ ಹತ್ತಿ ತಾನೇ ಆಫ್ ಆಗುತ್ತೆ.’ ಕಾರಿನ ಡಿಕ್ಕಿಯಲ್ಲಿ ವೂಫರ್ ಕೂರಿಸಿಕೊಂಡವರ ಈ ದೂರು ಹೊಸದಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಬಸ್ ಸ್ಟ್ಯಾಂಡಿನ ಹಿಂದಿನ ಆಕ್ಸೆಸರೀಸ್ ಅಂಗಡಿಯವರೆಗೆ ಇದಕ್ಕೆ ಸಾಮಾನ್ಯವಾಗಿ ಸಿಗುವ ಮದ್ದು ಎರಡೇ. ‘ಒಂದು ಫ್ಯಾನ್ ಹಾಕಿಬಿಡೋಣ ಸಾರ್’ ಅನ್ನುವುದು ಮೊದಲನೆಯದು. ಅದು ಸಾಲದಾದಾಗ ‘ಈ ಆಂಪ್ ನಿಮ್ಮ ಸಿಸ್ಟಂಗೆ ಸಾಕಾಗಲ್ಲ, ದೊಡ್ಡದು ಹಾಕೋಣ.’ ಎರಡರಲ್ಲೂ ಮಾರಾಟವಿದೆ, ಪರೀಕ್ಷೆ ಇಲ್ಲ. ಒದ್ದೆ ಗೋಡೆಯ ಮೇಲೆ ಸುಣ್ಣ ಹೊಡೆದ ಹಾಗೆ, ನೀರು ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಆಂಪ್ ಬಿಸಿಯಾಗುವುದು ತಪ್ಪೇನಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹಳೆಯ ಕ್ಲಾಸ್ ಎಬಿ ಮಾದರಿಯವು ಬ್ಯಾಟರಿಯಿಂದ ಎಳೆದ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ಸ್ಪೀಕರಿಗೆ ಕೊಡುತ್ತವೆ, ಮಿಕ್ಕಿದ್ದೆಲ್ಲ ಶಾಖ. ಕ್ಲಾಸ್ ಡಿ ಮಾದರಿಯವು ಶೇ. 80ರ ಮೇಲೆ ಕೊಡುತ್ತವೆ. ಇಲ್ಲಿ ಅಂಗಡಿಯವರು ನಕ್ಕು ತಳ್ಳಿಹಾಕುವ ಗ್ರಾಹಕನ ಮಾತೊಂದಿದೆ: ‘ನಾನು ಜೋರಾಗಿ ಹಾಕೋದೇ ಇಲ್ಲ, ಆದರೂ ಕಾಯುತ್ತೆ.’ ಅವನು ಸುಳ್ಳು ಹೇಳುತ್ತಿಲ್ಲ. ಕ್ಲಾಸ್ ಎಬಿ ಆಂಪಿನ ಟ್ರಾನ್ಸಿಸ್ಟರ್‌ಗಳು ಅತಿ ಹೆಚ್ಚು ಶಾಖ ಉಣ್ಣುವುದು ಪೂರ್ತಿ ಜೋರಿನಲ್ಲಲ್ಲ, ಗರಿಷ್ಠ ಶಕ್ತಿಯ ಸುಮಾರು ಶೇ. 40ರ ಆಸುಪಾಸಿನಲ್ಲಿ. ಮಧ್ಯಮ ಸದ್ದಿನಲ್ಲೇ ಅದಕ್ಕೆ ಹೆಚ್ಚು ಕಷ್ಟ. ಈ ವಿಷಯ ಗೊತ್ತಿದ್ದ ಫಿಟ್ಟರ್ ‘ವಾಲ್ಯೂಮ್ ಕಡಿಮೆ ಮಾಡಿ’ ಎಂದು ಹೇಳಿ ಕಳಿಸುವುದಿಲ್ಲ.

ಹಾಗಾದರೆ ಏನು ಕೇಳಬೇಕು? ಯಾವಾಗ ಕಾಯುತ್ತೆ ಎಂದು. ಸ್ಟೀರಿಯೊದಿಂದ ಬರುವ ಆರ್‌ಸಿಎ ವೈರನ್ನೂ ಸ್ಪೀಕರ್ ವೈರುಗಳನ್ನೂ ಬಿಚ್ಚಿ, ಕರೆಂಟು ಮತ್ತು ರಿಮೋಟ್ ವೈರು ಮಾತ್ರ ಉಳಿಸಿ ಆಂಪ್ ಆನ್ ಮಾಡಿ ಹದಿನೈದು ನಿಮಿಷ ಬಿಡಿ. ಹಾಡೂ ಇಲ್ಲ, ಹೊರೆಯೂ ಇಲ್ಲ. ಆದರೂ ಸುಡುವಂತಾದರೆ ದೋಷ ಒಳಗಿದೆ: ಬಯಾಸ್ ಹೆಚ್ಚಾಗಿರಬಹುದು, ಟ್ರಾನ್ಸಿಸ್ಟರ್ ಸೋರುತ್ತಿರಬಹುದು. ಉಗುರು ಬೆಚ್ಚಗೆ ಇದ್ದರೆ ಆಂಪಿನ ತಪ್ಪು ಬಹುಮಟ್ಟಿಗೆ ಇಲ್ಲ, ಹೊರಗೆ ಹುಡುಕಬೇಕು. ಅಂಗೈ ಬಿಟ್ಟರೆ ಬೇರೆ ಉಪಕರಣ ಬೇಡದ ಈ ಒಂದು ಪರೀಕ್ಷೆ ಅರ್ಧ ಅನುಮಾನಗಳನ್ನು ಪಕ್ಕಕ್ಕಿಡುತ್ತದೆ. ಆದರೂ ಇದನ್ನು ಮಾಡುವ ಅಂಗಡಿ ಕಾಣುವುದು ಅಪರೂಪ.

ಹೊರಗಿನ ಕಾರಣಗಳಲ್ಲಿ ಮೊದಲು ನೋಡಬೇಕಾದ್ದು ಓಮ್ ಲೆಕ್ಕ. 4 ಓಮಿನ ಎರಡು ವೂಫರನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್ ಆಯಿತು. ಅದನ್ನು ಆಂಪಿನ ಎರಡು ಚಾನೆಲ್ ಬ್ರಿಜ್ ಮಾಡಿ ಕೊಟ್ಟರೆ ಒಂದೊಂದು ಚಾನೆಲ್ಲಿಗೂ ಕಾಣುವುದು 1 ಓಮ್ ಮಾತ್ರ. ‘2 ಓಮ್ ಸ್ಟೇಬಲ್’ ಎಂದು ಡಬ್ಬದ ಮೇಲೆ ಇದೆಯಲ್ಲ ಎಂದು ಫಿಟ್ಟರ್ ವಾದಿಸುತ್ತಾನೆ. ಹೌದು, ಆದರೆ ಆ ಮಾತು ಸ್ಟೀರಿಯೊ ಜೋಡಣೆಗೆ. ಬ್ರಿಜ್‌ಗೆ 4 ಓಮ್‌ಗಿಂತ ಕಡಿಮೆ ಬೇಡವೆಂದು ಅದೇ ಕಂಪನಿಯ ಕೈಪಿಡಿಯಲ್ಲಿ ಬರೆದಿರುತ್ತದೆ, ಕೈಪಿಡಿ ಮಾತ್ರ ಡಬ್ಬದ ಜೊತೆ ಕಸದ ಬುಟ್ಟಿ ಸೇರಿರುತ್ತದೆ. ಸ್ಪೀಕರ್ ವೈರನ್ನು ಆಂಪಿನ ತುದಿಯಲ್ಲಿ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಸರಿಯಿರುವ 4 ಓಮ್ ಸ್ಪೀಕರ್ 3ರಿಂದ 4ರ ನಡುವೆ ತೋರಿಸುತ್ತದೆ. 1.7 ಎಂದು ತೋರಿಸಿದರೆ ಅಲ್ಲಿ ಎರಡು ಸ್ಪೀಕರ್ ಕೂತಿವೆ, ಇಲ್ಲವೇ ಕಾಯಿಲ್ ಸುಟ್ಟಿದೆ. ಒಂದು ಕಡ್ಡಿ ವೈರಿಗೆ, ಇನ್ನೊಂದು ಕಡ್ಡಿ ಕಾರಿನ ಬಾಡಿಗೆ ಹಿಡಿದಾಗಲೂ ಏನಾದರೂ ತೋರಿಸಿದರೆ ಸೀಟಿನ ರೈಲಿನ ಕೆಳಗೋ ಬಾಗಿಲ ಸಂದಿಯಲ್ಲೋ ವೈರು ಜಜ್ಜಿದೆ. ಬ್ರಿಜ್ ಜೋಡಣೆಯಲ್ಲಿ ಎರಡು ವೈರಿನಲ್ಲಿ ಯಾವುದೂ ಅರ್ತ್ ಅಲ್ಲ, ಯಾವುದು ಬಾಡಿಗೆ ತಾಗಿದರೂ ಆಂಪ್ ನರಳುತ್ತದೆ.

ಆಮೇಲೆ ಕರೆಂಟಿನ ವೈರು. ಬೆರಳು ದಪ್ಪದ ಬಣ್ಣದ ವೈರನ್ನು ನೋಡಿ ಗ್ರಾಹಕ ಖುಷಿಯಾಗುತ್ತಾನೆ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದರೆ ತಾಮ್ರದ ಕೆಂಪು ಹೋಗಿ ಬೆಳ್ಳಗಿನ ಅಲ್ಯೂಮಿನಿಯಂ ಕಾಣುತ್ತದೆ. ಮೇಲೆ ತಾಮ್ರದ ತೆಳು ಲೇಪ, ಅಷ್ಟೇ. ಇದರ ವಹನ ಶಕ್ತಿ ಅಪ್ಪಟ ತಾಮ್ರದ ಮೂರನೇ ಎರಡು ಭಾಗದಷ್ಟು. ಅರ್ತ್ ಬೋಲ್ಟನ್ನು ಪೇಂಟು ಕೆರೆಯದೆ ಬಿಗಿದಿದ್ದರಂತೂ ಮುಗಿಯಿತು. ಇದನ್ನು ಕಣ್ಣಳತೆಯಲ್ಲಿ ಹೇಳಬಾರದು, ಅಳೆಯಬೇಕು: ಬೇಸ್ ಇರುವ ಹಾಡು ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆಂಪಿನ ಅರ್ತ್ ತಿರುಪಿಗೆ ಹಿಡಿದರೆ ಅರ್ಧ ವೋಲ್ಟ್ ತೋರಿಸಿದರೂ ಅದು ಹೆಚ್ಚೇ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಆಂಪಿಗೆ 12ಕ್ಕಿಂತ ಕಡಿಮೆ ಮುಟ್ಟುತ್ತಿದ್ದರೆ, ರೆಗ್ಯುಲೇಟೆಡ್ ಪವರ್ ಸಪ್ಲೈ ಇರುವ ಆಂಪ್ ಆ ಕೊರತೆ ತುಂಬಿಕೊಳ್ಳಲು ಇನ್ನಷ್ಟು ಆಂಪಿಯರ್ ಎಳೆಯುತ್ತದೆ. ಅದರ ಒಳಗಿನ ಮಾಸ್‌ಫೆಟ್‌ಗಳು ಕಾಯುವುದು ಆಗಲೇ. ಇಷ್ಟರ ಮೇಲೆ ಫ್ಯಾನ್ ಹಾಕಿದರೆ ಅದೂ ಅದೇ ಬಡಪಾಯಿ ವೈರಿನಿಂದಲೇ ಕರೆಂಟು ಎಳೆಯುತ್ತದೆ.

ಗೇನ್ ತಿರುಪಿನ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಅದು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಪೂರ್ತಿ ತಿರುಗಿಸಿ, ಮೇಲೆ ಬೇಸ್ ಬೂಸ್ಟ್ 12 ಡೆಸಿಬೆಲ್‌ಗೆ ಏರಿಸಿದರೆ ಆ ಸ್ವರಗಳಲ್ಲಿ ಆಂಪಿನಿಂದ 16 ಪಟ್ಟು ಶಕ್ತಿ ಕೇಳಿದ ಹಾಗೆ. ಅಷ್ಟು ಇಲ್ಲದ ಆಂಪ್ ಅಲೆಯ ತಲೆ ಕತ್ತರಿಸುತ್ತದೆ. ಹಾಗೆ ಕತ್ತರಿಸಿ ಚೌಕವಾದ ಅಲೆಯ ಸರಾಸರಿ ಶಕ್ತಿ, ಅದೇ ಎತ್ತರದ ನಯವಾದ ಅಲೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ವೂಫರ್ ಸುಡುವ ದಾರಿಯೂ ಇದೇ.

ಕಂಪನಿಗಳನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಡಬ್ಬದ ಮೇಲೆ 3000 ವಾಟ್ ಎಂದು ಅಚ್ಚಾಗಿರುತ್ತದೆ. ಪಕ್ಕದಲ್ಲಿರುವ ಫ್ಯೂಸ್ ನೋಡಿ: 30 ಆಂಪಿಯರಿನವು ಎರಡು. 60 ಆಂಪಿಯರನ್ನು 13.8 ವೋಲ್ಟಿನಿಂದ ಗುಣಿಸಿದರೆ ಒಳಗೆ ಹೋಗುವುದೇ 828 ವಾಟ್. ಕ್ಲಾಸ್ ಎಬಿ ಆಗಿದ್ದರೆ ಹೊರಬರುವುದು ನಾನೂರೈವತ್ತರ ಸುತ್ತಮುತ್ತ. 14.4 ವೋಲ್ಟ್, 4 ಓಮ್, ಶೇ. 1ಕ್ಕೆ ಮೀರದ ವಿಕೃತಿ ಎಂಬ ಷರತ್ತಿನಲ್ಲಿ ಅಳೆದು ವಾಟ್ ಹೇಳಬೇಕೆನ್ನುವ ಅಮೆರಿಕದ ಸಿಇಎ-2006 ಮಾನದಂಡ ಇದೆ, ಆದರೆ ಕಡ್ಡಾಯವೇನಲ್ಲ. ಡಬ್ಬದ ಸಂಖ್ಯೆ ನಂಬಿ ವೂಫರ್ ಕೂರಿಸಿದವನ ಆಂಪ್ ಕಾಯದೆ ಇನ್ನೇನಾದೀತು?

ಫ್ಯಾನ್ ಎಂದೂ ಬೇಡ ಎನ್ನುವುದು ನನ್ನ ವಾದವಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಹೊರಗಿಗಿಂತ ಎಷ್ಟೋ ಹೆಚ್ಚು ಸೆಕೆ. ಅಲ್ಲಿ ಕ್ಲಾಸ್ ಎಬಿ ಆಂಪಿಗೆ ಗಾಳಿ ಬೇಕೇ ಬೇಕು. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಮೇಲೆ ಡಬ್ಬಿಗಟ್ಟಲೆ ಸ್ಪೀಕರ್ ಕಟ್ಟಿಕೊಂಡು ರಾತ್ರಿಯೆಲ್ಲ ಓಡಾಡುವವರದ್ದು ಇನ್ನೊಂದೇ ಪಾಡು. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಚಿಕ್ಕದು, ರಸ್ತೆಯ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಮೆತ್ತಿಕೊಂಡು ಗಾಳಿ ಆಡಲು ಜಾಗವೇ ಇರುವುದಿಲ್ಲ. ಅಲ್ಲಿ ಹೊಸ ಫ್ಯಾನಿಗಿಂತ ಒಂದು ಹಳೆಯ ಬ್ರಷ್ ಹೆಚ್ಚು ಕೆಲಸ ಮಾಡುತ್ತದೆ. ಕಾರ್ಪೆಟ್ ಹೊದಿಸಿದ ಮುಚ್ಚಿದ ಡಬ್ಬದೊಳಗೆ ಫ್ಯಾನ್ ಇಟ್ಟರೂ ಅಷ್ಟೇ, ಅದೇ ಬಿಸಿಗಾಳಿ ಒಳಗೇ ಸುತ್ತುತ್ತದೆ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ ಹಾಕಿದ ಫ್ಯಾನನ್ನು ಮಾತ್ರ ಕೆಲಸ ಎನ್ನಬಹುದು.

ಫಿಟ್ಟರಿಗೆ ಇದೆಲ್ಲ ತಿಳಿಯದೆಂದೇನಲ್ಲ. ಅರ್ಧ ಗಂಟೆ ಮೀಟರ್ ಹಿಡಿದು ನೋಡಿದ್ದಕ್ಕೆ ಇನ್ನೂರು ರೂಪಾಯಿ ಕೇಳಿದರೆ ‘ಏನೂ ಹಾಕಲಿಲ್ಲ, ಬರೀ ನೋಡಿದ್ದಕ್ಕೆ ದುಡ್ಡಾ?’ ಎನ್ನುವ ಗ್ರಾಹಕನೇ ಆರೂವರೆ ಸಾವಿರದ ಹೊಸ ಆಂಪಿಗೆ ಚೌಕಾಸಿ ಮಾಡಿ ಸಂತೋಷದಿಂದ ಕೊಡುತ್ತಾನೆ. ಅಂಗಡಿ ಯಾವುದಕ್ಕೆ ದುಡ್ಡು ಬರುತ್ತದೋ ಅದನ್ನೇ ಮಾಡುತ್ತದೆ.

ಇದರ ಜೊತೆಗೆ ಕೆಲಸ ಎರಡು ಕೈಗೆ ಹಂಚಿಹೋಗಿದೆ. ಬೋರ್ಡ್ ರಿಪೇರಿಯವರು ಬೇರೆ, ಫಿಟ್ಟಿಂಗಿನವರು ಬೇರೆ. ರಿಪೇರಿಯವನು ಕರೆಂಟಿನ ದಾರಿಯಲ್ಲಿ ಬಲ್ಬ್ ಸೀರೀಸ್ ಹಾಕಿ ಜಾಗರೂಕನಾಗಿ ಆಂಪ್ ಆನ್ ಮಾಡುತ್ತಾನೆ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚುತ್ತಾನೆ, ಟೇಬಲ್ ಮೇಲೆ ಒಂದೇ 4 ಓಮ್ ಸ್ಪೀಕರಿಗೆ ಹಾಡು ಕೇಳಿಸಿ ‘ಚೆನ್ನಾಗಿದೆ’ ಎಂದು ಕಳಿಸುತ್ತಾನೆ. ಅದು ನಿಜವೇ. ಫಿಟ್ಟರ್ ಅದನ್ನು ಹಿಂದಿನ ಅದೇ ವೈರಿಗೆ, ಅದೇ 1 ಓಮ್ ಹೊರೆಗೆ ಮತ್ತೆ ಸಿಕ್ಕಿಸುತ್ತಾನೆ. ಭಾನುವಾರಕ್ಕೆ ಮತ್ತೆ ಕೆಂಪು ದೀಪ. ಇಬ್ಬರೂ ಒಬ್ಬರ ಮೇಲೊಬ್ಬರು ಹೇಳುತ್ತಾರೆ, ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇರುತ್ತದೆ. ಆಂಪ್ ಬಿಚ್ಚಿಕೊಂಡು ಹೋದಾಗ ‘ಇದನ್ನು ಮಾತ್ರ ಯಾಕೆ ತಂದ್ರಿ, ಕಾರು ತನ್ನಿ’ ಎಂದು ವಾಪಸು ಕಳಿಸುವ ಮುಂಗೋಪಿ ರಿಪೇರಿಯವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಬೈದುಕೊಂಡಾದರೂ ಕಾರು ತೆಗೆದುಕೊಂಡು ಹೋಗಬೇಕಾದ್ದು ಅವರ ಹತ್ತಿರವೇ.