ಪ್ರವಾಸಕಥನದಲ್ಲಿ ಸಹಯಾತ್ರಿಯ ಸ್ಥಾನ

ದೇಶಾಟನವು ಪಾಂಡಿತ್ಯಕ್ಕೆ ಮೂಲವೆಂದು ಹಿರಿಯರು ಎಣಿಸಿದ್ದರು. ಆದರೆ ದೇಶ ಸುತ್ತಿದವರೆಲ್ಲರೂ ಪಂಡಿತರಾಗುವುದಿಲ್ಲ. ಸುತ್ತಿದುದನ್ನು ಬರೆದವರೆಲ್ಲರೂ ಸಾಹಿತಿಗಳಾಗುವುದೂ ಇಲ್ಲ. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ', ವಿನಾಯಕರ 'ಸಮುದ್ರದಾಚೆಯಿಂದ', ಶಿವರಾಮ ಕಾರಂತರ 'ಅಬೂವಿನಿಂದ ಬರಾಮಕ್ಕೆ' ಮೊದಲಾದ ಕೃತಿಗಳಿಂದ ಕನ್ನಡದ ಪ್ರವಾಸಕಥನಕ್ಕೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಬಿದ್ದಿತು. ಈಚೆಗೆ ಈ ಪ್ರಕಾರಕ್ಕೆ ಹೊಸದೊಂದು ಕವಲು ಒಡೆದಿದೆ. ಅದು ಗಂಡಹೆಂಡಿರು ಮೋಟಾರು ಸೈಕಲ್ಲನ್ನೇರಿ ನಾಡನ್ನು ನೋಡಿ ಬಂದು ಹೇಳುವ ಕಥನ. 2020ನೆಯ ಮಾರ್ಚ್ ತಿಂಗಳಿನಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಹೊರದೇಶದ ವಿಮಾನಗಳು ನಿಂತವು; ಎಷ್ಟೋ ದಂಪತಿಗಳ ಪ್ರವಾಸದ ಏರ್ಪಾಡುಗಳು ಮುರಿದುಬಿದ್ದವು. ನಿರ್ಬಂಧಗಳು ಸಡಿಲಾದ ಮೇಲೆ ಅವರಲ್ಲಿ ಕೆಲವರು ಆ ರಜೆಯನ್ನು ಒಳನಾಡಿನ ದಾರಿಗಳಲ್ಲಿ ಕಳೆದರು. ಬಾದಾಮಿ ಪಟ್ಟದಕಲ್ಲುಗಳನ್ನು ಕಂಡು ಗೋಳಗುಮ್ಮಟಕ್ಕೆ ಬರುವ ದಾರಿ ಇಂಥವರಿಗೆ ಪ್ರಿಯವಾದುದು. ಅವರ ಬರಹಗಳು ಪತ್ರಿಕೆಗಳ ಪುರವಣಿಗಳಲ್ಲಿ ಇಂದಿಗೂ ಬರುತ್ತಿವೆಯಾದುದರಿಂದ, ಅವುಗಳ ಗುಣದೋಷಗಳನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ಬರಹಗಳ ಮಾದರಿ ಬಹುಮಟ್ಟಿಗೆ ಒಂದೇ. ಮೊದಲು ಕೈಬಿಟ್ಟುಹೋದ ಪ್ರವಾಸಕ್ಕಾಗಿ ಒಂದು ವಾಕ್ಯದ ವ್ಯಥೆ. ಅನಂತರ ವಾಹನದ ವರ್ಣನೆ, ದಿನಕ್ಕೆ ಕ್ರಮಿಸಿದ ದೂರ, ಸುಟ್ಟ ಪೆಟ್ರೋಲು, ತಂಗಿದ ವಸತಿಗೃಹ. ಗೋಳಗುಮ್ಮಟ ಬಂದೊಡನೆ ಅದರ ಹೊರವ್ಯಾಸ ಸುಮಾರು 44 ಮೀಟರು, ಅದನ್ನು ಕಟ್ಟಿಸಿದ ಮಹಮ್ಮದ್ ಆದಿಲಶಹ ತೀರಿದುದು 1656ರಲ್ಲಿ ಎಂಬ ಫಲಕದ ಒಕ್ಕಣೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇತಿವೃತ್ತವನ್ನು ಮುಟ್ಟಿಸಿಬಿಡುವುದರಿಂದ ಕವಿಯ ಕೆಲಸ ಮುಗಿಯುವುದಿಲ್ಲ, ಅದು ಇತಿಹಾಸದಿಂದಲೇ ಸಿದ್ಧಿಸುವುದೆಂದು ಆನಂದವರ್ಧನನು ಎಂದೋ ಎಚ್ಚರಿಸಿದ್ದಾನೆ. ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಇಬ್ಬರು ಹೋದ ಪ್ರಯಾಣದಲ್ಲಿ ಕಥೆ ಒಬ್ಬರದು. ಸಹಧರ್ಮಿಣಿಯು ಭಾವಚಿತ್ರದಲ್ಲಿ ಒಮ್ಮೆ, ಕೊನೆಯ ಕೃತಜ್ಞತೆಯಲ್ಲಿ ಒಮ್ಮೆ ಕಾಣಿಸಿಕೊಂಡು, ನಡುವಿನ ದಾರಿಯಲ್ಲಿ ಕಟ್ಟಿದ ಗಂಟಿನಂತೆ ಮೌನವಾಗಿರುತ್ತಾಳೆ.

ಈ ಮೌನದಿಂದ ಆಗುವ ನಷ್ಟವೇನೆಂಬುದನ್ನು ವಾಹನದ ರೀತಿಯೇ ತಿಳಿಸುವುದು. ಮುಂದೆ ಕುಳಿತವನ ಕಣ್ಣು ದಾರಿಗೆ ಕಟ್ಟುಬಿದ್ದಿರುತ್ತದೆ. ತಗ್ಗು, ಅಡ್ಡಬರುವ ಎತ್ತು, ಕಬ್ಬು ಹೇರಿದ ಟ್ರ್ಯಾಕ್ಟರು ಇವುಗಳಿಂದ ಅವನು ದೃಷ್ಟಿಯನ್ನು ಕೀಳುವಂತಿಲ್ಲ. ಬಬಲೇಶ್ವರದ ಕಡೆಯ ಕರಿಯ ಎರೆಹೊಲಗಳಲ್ಲಿ ಜೋಳದ ತೆನೆ ಬಾಗಿದ ಬಗೆ, ತಿಕೋಟಾದ ದ್ರಾಕ್ಷಿಯ ಹಂದರಗಳು, ಹಣ್ಣು ಒಣಗಿಸುವ ಚಪ್ಪರಗಳು, ಇವನ್ನು ಎಡಬಲಕ್ಕೆ ತಿರುಗಿ ನೋಡುವ ಬಿಡುವು ಹಿಂದೆ ಕುಳಿತವಳಿಗೆ ಮಾತ್ರ ಇರುವುದು. ಹೀಗೆ ಪ್ರಯಾಣದ ಸಿರಿಯೆಲ್ಲ ಹಿಂದಿನ ಆಸನದಲ್ಲಿದ್ದು, ಲೇಖನಿ ಮಾತ್ರ ಮುಂದಿನ ಆಸನದಲ್ಲಿ ಉಳಿದರೆ ಬರಹ ಬಡವಾಗದೆ ಇದ್ದೀತೆ? ಹೆಣ್ಣುಮಗಳೇ ವಾಹನವನ್ನು ನಡೆಸಿ ಬರೆದಾಗಲೂ ಈ ಮಾತು ತಿರುವುಮುರುವಾಗಿ ಸಲ್ಲುವುದು. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ಮೋಟಾರು ಸೈಕಲ್ಲಿನ ಪ್ರಸಿದ್ಧ ಕಥನದಲ್ಲಿ, ತಂದೆಯ ಬೆನ್ನ ಹಿಂದೆ ದೇಶದ ಬಹುಭಾಗವನ್ನು ದಾಟಿದ ಬಾಲಕನು ಕೊನೆಗೊಮ್ಮೆ ಕಾಲೊತ್ತುಗಳ ಮೇಲೆ ಎದ್ದುನಿಂತು ಮುಂದಿನ ನೋಟವನ್ನು ಕಾಣುತ್ತಾನೆ. ಅದುವರೆಗೆ ತನ್ನ ಹೆಗಲು ಮಗನ ಕಣ್ಣಿಗೆ ಮರೆಯಾಗಿದ್ದುದು ತಂದೆಗೆ ಆಗ ಹೊಳೆಯುವುದು. ಆ ದೊಡ್ಡ ಗ್ರಂಥದ ಅನೇಕ ತತ್ತ್ವವಿಚಾರಗಳಿಗಿಂತ ಈ ಒಂದು ಸಂಗತಿಯೇ ಮನಸ್ಸಿನಲ್ಲಿ ನಿಲ್ಲುವುದು.

ದಂಪತಿಗಳ ಪ್ರಯಾಣವನ್ನು ಹೇಳುವ ಬಗೆಗೆ ಈ ದೇಶದಲ್ಲಿ ಮೇಲ್ಪಂಕ್ತಿಗೆ ಬಡತನವಿಲ್ಲ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಿಂದ ಸೀತೆಗೆ ದಾರಿಯನ್ನು ತೋರಿಸುತ್ತಾನೆ: ಸಮುದ್ರ, ಮಾಲ್ಯವಂತ, ಪಂಪೆ, ಪಂಚವಟಿ, ಚಿತ್ರಕೂಟ, ಗಂಗಾಯಮುನೆಯರ ಸಂಗಮ, ಸರಯೂ. ಅಲ್ಲಿ ಸೀತೆ ಒಂದು ಮಾತನ್ನೂ ಆಡುವುದಿಲ್ಲ. ಆದರೂ ಅವಳಿಲ್ಲದ ಸ್ಥಳವೇ ಆ ವರ್ಣನೆಯಲ್ಲಿ ಇಲ್ಲ. ಇಲ್ಲಿ ನಿನ್ನ ಕಾಲಂದುಗೆ ಬಿದ್ದಿತ್ತು, ಈ ಬೆಟ್ಟದಲ್ಲಿ ನೀನಿಲ್ಲದೆ ಮಳೆಗಾಲವನ್ನು ಕಳೆದೆ ಎಂದು, ಅವಳು ಕಾಣದೆ ಹೋದುದನ್ನು ಅವಳಿಗೇ ಒಪ್ಪಿಸುತ್ತಾನೆ. ಭವಭೂತಿಯು ಇನ್ನೊಂದು ಹೆಜ್ಜೆ ಮುಂದೆ ಹೋದನು. ಉತ್ತರರಾಮಚರಿತದ ಮೊದಲ ಅಂಕದಲ್ಲಿ ಹಳೆಯ ಪ್ರಯಾಣದ ಚಿತ್ರಗಳನ್ನು ನೋಡುತ್ತ ಸೀತೆ ತಾನೇ ಕೇಳುತ್ತಾಳೆ, ಬೆದರುತ್ತಾಳೆ, ಆ ವನಗಳನ್ನು ಮತ್ತೆ ಕಾಣಬೇಕೆಂದು ಬಯಸುತ್ತಾಳೆ. ಆ ಬಯಕೆಗಾಗಿ ಸಿದ್ಧವಾದ ರಥವೇ ಅವಳ ಪರಿತ್ಯಾಗಕ್ಕೆ ಸಾಧನವಾಗುವುದು. ಪ್ರವಾಸದ ಸಂಕಲ್ಪವೊಂದು ತಿರುಗಿಬಿದ್ದು ಕರುಣರಸಕ್ಕೆ ನೆಲೆಯಾದ ಇದಕ್ಕಿಂತ ದಾರುಣವಾದ ನಿದರ್ಶನ ಮತ್ತೊಂದಿಲ್ಲ.

ಸಂಕಲ್ಪವು ತಪ್ಪುವುದನ್ನು ಈಚಿನ ಲೇಖಕರು ಬರಿಯ ಪೀಠಿಕೆಯನ್ನಾಗಿ ಮಾಡಿ ದಾಟಿಬಿಡುತ್ತಾರೆ. ಕವಿಗಳು ಅಲ್ಲಿಯೇ ಕಥೆಯನ್ನು ತೊಡಗಿದರು. ಮುಂಜಾನೆಯ ಪಟ್ಟಾಭಿಷೇಕವು ವನವಾಸವಾಗಿ ಮಾರ್ಪಟ್ಟಾಗ ರಾಮನ ಎಣಿಕೆ ಒಬ್ಬನೇ ಹೋಗುವುದಾಗಿತ್ತು. ದರ್ಭೆಮುಳ್ಳುಗಳನ್ನು ತುಳಿದು ಮೆತ್ತಗೆ ಮಾಡುತ್ತ ತಾನೇ ಮುಂದೆ ನಡೆಯುವೆನೆಂದು ವಾಲ್ಮೀಕಿಯ ಸೀತೆ ವಾದಿಸಿ, ಆ ಎಣಿಕೆಯನ್ನೂ ಬದಲಿಸಿದಳು. ಅವಳು ಹಿಂದೆ ಬಂದವಳಲ್ಲ, ಜೊತೆಗೆ ಹೊರಟವಳು.

ವಿಜಯಪುರಕ್ಕೆ ಬರುವ ದಂಪತಿಗಳಿಗೆ ಈ ಮಾತು ಹತ್ತಿರದ್ದಾಗಬೇಕು. ಏಕೆಂದರೆ ಇದೇ ಕಥೆಯನ್ನು ಭಾಮಿನೀ ಷಟ್ಪದಿಯಲ್ಲಿ ಕನ್ನಡಕ್ಕೆ ತಂದ ಕುಮಾರ ವಾಲ್ಮೀಕಿಯ ತೊರವೆಯು ಊರಿನಿಂದ ಪಶ್ಚಿಮಕ್ಕೆ, ತಿಕೋಟಾಕ್ಕೆ ಹೋಗುವ ದಾರಿಯಲ್ಲಿಯೇ ಇರುವುದು. ಅವನ ಆರಾಧ್ಯನಾದ ನರಸಿಂಹನ ಗುಡಿಯೂ ಅಲ್ಲಿಯೇ ಇದೆ. ಅದರ ನೆರೆಯಲ್ಲಿ ಇಮ್ಮಡಿ ಇಬ್ರಾಹಿಮ್ ಆದಿಲಶಹನು 1599ರಲ್ಲಿ ಆರಂಭಿಸಿದ ನವರಸಪುರದ ಅವಶೇಷಗಳಿವೆ. ಸಂಗೀತಪ್ರಿಯನಾದ ಆ ಅರಸನ ಹೊಸ ರಾಜಧಾನಿಯ ಕನಸನ್ನು 1624ರಲ್ಲಿ ಮಲಿಕ್ ಅಂಬರನ ದಾಳಿ ಕೊನೆಗಾಣಿಸಿತು. ಊರೊಳಗೆ, ರಾಣಿ ತಾಜ್ ಸುಲ್ತಾನಳಿಗೆಂದು ಕೈಗೊಂಡ ಗೋರಿಯಲ್ಲಿ 1627ರಲ್ಲಿ ತೀರಿದ ಆ ಇಬ್ರಾಹಿಮನೇ ಮೊದಲು ಮಲಗಿದನೆಂದು ಹೇಳುವರು. ಇಮ್ಮಡಿ ಅಲಿ ಆದಿಲಶಹನ ಬಾರಾಕಮಾನು ಕಮಾನುಗಳಲ್ಲಿಯೇ ನಿಂತುಹೋಯಿತು. ಎಣಿಸಿದಂತೆ ನಡೆಯದ ಕಾರ್ಯಗಳ ಇಂಥ ಸಾಕ್ಷಿಗಳ ನಡುವೆ ನಿಂತು, ತಮ್ಮ ರದ್ದಾದ ಟಿಕೀಟನ್ನು ಮಾತ್ರ ನೆನೆಯುವ ಬರಹಗಾರನಿಗೆ ವಸ್ತುವು ಕೈಗೆ ಬಂದೂ ಜಾರಿತೆನ್ನಬೇಕು.

ಇವರು ವಿನೋದಕ್ಕಾಗಿ ಹೊರಟವರು, ಕವಿಗಳಲ್ಲ. ಇವರನ್ನು ಕಾಳಿದಾಸನ ತಕ್ಕಡಿಯಲ್ಲಿ ತೂಗುವುದು ಸರಿಯೆ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯಲ್ಲಿ ಅರ್ಧ ನ್ಯಾಯವಿದೆ. ಈ ಬರಹಗಳಲ್ಲಿ ಆಡಂಬರವಿಲ್ಲದ ಸರಳತೆಯೂ ಪ್ರಾಮಾಣಿಕತೆಯೂ ಉಂಟು. ಗಾಲಿ ಪಂಕ್ಚರಾಗಿ ದಾರಿಬದಿಯಲ್ಲಿ ನಿಂತಾಗ ಗುರುತಿಲ್ಲದ ರೈತನೊಬ್ಬ ಕರೆದು ರೊಟ್ಟಿ ಪುಂಡಿಪಲ್ಯ ನೀಡಿದಂಥ ಪ್ರಸಂಗ ಬಂದೊಡನೆ ಅದೇ ಲೇಖನಿಗೆ ಜೀವ ಬರುವುದನ್ನು ಓದುಗರು ಬಲ್ಲರು. ಅರ್ನೆಸ್ಟೋ ಗೆವಾರನು 1952ರಲ್ಲಿ ಗೆಳೆಯನೊಡನೆ ದಕ್ಷಿಣ ಅಮೆರಿಕವನ್ನು ಸುತ್ತಹೊರಟಾಗ ಅವರ ವಾಹನ ಚಿಲಿ ದೇಶದಲ್ಲಿ ಕೆಟ್ಟುಹೋಯಿತು. ಅವನು ಬಡವರನ್ನೂ ಗಣಿಯ ಕೂಲಿಕಾರರನ್ನೂ ಸಮೀಪದಿಂದ ಕಂಡು ಬರೆದ ಪುಟಗಳು ಆ ಬಳಿಕದವು. ಆದುದರಿಂದ ಕೊರತೆಯಿರುವುದು ಶಕ್ತಿಯಲ್ಲಿ ಅಲ್ಲ, ದೃಷ್ಟಿಯಲ್ಲಿ. ಏರ್ಪಾಡು ಎರಡನೆಯ ಸಲ ಮುರಿದಾಗ ಕಣ್ತೆರೆಯುವವರು ಮೊದಲನೆಯ ಸಲ ಮುರಿದಾಗಲೇ ತೆರೆಯಬಾರದೇಕೆ?

ಇದಕ್ಕೆ ಬೇಕಾದ ಉಪಾಯವೂ ಕಠಿನವಲ್ಲ. ದಿನದ ಕೊನೆಗೆ ಇಬ್ಬರೂ ತಾವು ಕಂಡುದನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಭಿನ್ನವಾದುದನ್ನು ಭಿನ್ನವಾಗಿಯೇ ಬರೆಯಲಿ. ಊರು ಬದಲಾದುದಕ್ಕೆ ಒಬ್ಬರಿಗೆ ಬೇಸರ, ಮತ್ತೊಬ್ಬರಿಗೆ ಗೆಲವು ಇದ್ದರೆ ಅದನ್ನೂ ಮರೆಮಾಚದಿರಲಿ. ಆ ಭೇದದಲ್ಲಿಯೇ ದಾಂಪತ್ಯವೂ ಇದೆ, ಸಾಹಿತ್ಯವೂ ಇದೆ.

ಗೋಳಗುಮ್ಮಟದ ಮೇಲಣ ಮೊಗಸಾಲೆಯಲ್ಲಿ ಕೂಗಿದವನಿಗೆ ತನ್ನ ಕೂಗೇ ಮತ್ತೆ ಮತ್ತೆ ಕೇಳಿಬರುವುದು. ಗೋಡೆಗೆ ಮುಖವಿಟ್ಟು ಪಿಸುನುಡಿದರೆ ಎದುರು ದಿಕ್ಕಿನಲ್ಲಿ ಕುಳಿತವರಿಗೆ ಆ ಮಾತು ಸ್ಪಷ್ಟವಾಗಿ ಮುಟ್ಟುವುದು. ದಂಪತಿಗಳ ಪ್ರವಾಸಕಥನಗಳಲ್ಲಿ ಈವರೆಗೆ ಮೊದಲನೆಯದೇ ಹೆಚ್ಚಾಗಿ ಕೇಳಿದೆ. ಎರಡನೆಯದನ್ನು ಕಲಿತವರ ಕೃತಿಯೊಂದು ಬೇಗನೆ ಬರಲೆಂದು ಸಹೃದಯರು ಹಾರೈಸುವರು.